ಕುಡಿತ: ರಕ್ತದ ಗುಣವೋ, ಗುತ್ತೆಯ ಫಲವೋ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಹೆಣ್ಣು-ಗಂಡಿನ ಸಂಬಂಧ ಕೂಡಿಸುವ ಹೊತ್ತಿಗೆ ಒಂದು ಮಾತು ಕೇಳಿಬರುತ್ತದೆ: ‘ಅವರ ಮನೆತನಾನೇ ಕುಡುಕರದು, ರಕ್ತದಾಗೇ ಬಂದದ.’ ಅಪ್ಪ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡಿದ್ದರೆ ಮಗನ ಹಣೆಬರಹವನ್ನೂ ಊರು ಅಂದೇ ಬರೆದು ಮುಗಿಸುತ್ತದೆ. ಒಂದು ಮನೆತನದ ಬಗ್ಗೆ ಆಡುವ ಈ ಮಾತು ಮೆಲ್ಲನೆ ಒಂದು ಕೇರಿಗೆ, ಒಂದು ತಾಂಡಾಕ್ಕೆ, ಒಂದು ಜಾತಿಗೆ ಹಬ್ಬುತ್ತದೆ. ‘ಆ ಜನಾನೇ ಹಂಗ’ ಎಂಬ ತೀರ್ಪು ಹೊರಬೀಳುತ್ತದೆ.

ಈ ಮಾತಿನಲ್ಲಿ ಎಷ್ಟು ನಿಜವಿದೆ? ಪ್ರಶ್ನೆ ಸಣ್ಣದಲ್ಲ. ಕುಡಿತ ರಕ್ತದಲ್ಲೇ ಬರುವುದಾದರೆ ಸರಕಾರವಾಗಲಿ ಸಮಾಜವಾಗಲಿ ಮಾಡಬೇಕಾದುದೇನೂ ಉಳಿಯುವುದಿಲ್ಲ. ಕುಡಿದವನೇ ಹೊಣೆ, ಅವನ ಹುಟ್ಟೇ ಹೊಣೆ ಎಂದು ಕೈ ತೊಳೆದುಕೊಳ್ಳಬಹುದು. ರಕ್ತಕ್ಕೂ ಕುಡಿತಕ್ಕೂ ಸಂಬಂಧವೇ ಇಲ್ಲವೆಂದರೆ ವಿಜ್ಞಾನವನ್ನು ಅಲ್ಲಗಳೆದಂತಾಗುತ್ತದೆ. ಆದ್ದರಿಂದ ಈ ನೆಲದ ಚರಿತ್ರೆಯನ್ನೂ ದೇಹದ ಚರಿತ್ರೆಯನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು.

ಕಲ್ಯಾಣದಿಂದ ಫಿರೋಜಾಬಾದಿನವರೆಗೆ

ಕುಡಿತ ಈ ನಾಡಿಗೆ ಹೊಸದಲ್ಲ, ಅದರ ಕೇಡನ್ನು ಅರಿತದ್ದೂ ಹೊಸದಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ಮದಾತ್ಯಯ’ ಎಂಬ ಒಂದು ಇಡೀ ಅಧ್ಯಾಯವೇ ಇದೆ. ಮಿತಿಮೀರಿದ ಕುಡಿತದಿಂದ ಬರುವ ರೋಗಗಳನ್ನು ಅದು ಹೇಳುತ್ತದೆ. ಆಳಂದಕ್ಕೆ ಹತ್ತಿರದ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ನಡೆದ ಶರಣ ಚಳವಳಿಯಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದ. ಹೆಂಡ ಮಾರುವ ಕಾಯಕದಿಂದ ಬಂದವನು. ಅವನನ್ನು ಅನುಭಾವಿಗಳ ಸಾಲಿನಲ್ಲಿ ಕೂರಿಸಿದ ಸಮಾಜ ಮನುಷ್ಯನನ್ನು ಅವನ ಹುಟ್ಟಿನಿಂದ, ಕಸುಬಿನಿಂದ ಅಳೆಯಲು ಒಪ್ಪಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಬಹಮನಿ ಸುಲ್ತಾನರ ಕಾಲಕ್ಕೆ ಬಂದರೆ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಕಲಬುರಗಿಯಿಂದ ಆಳಿದ ಒಂದನೆಯ ಮುಹಮ್ಮದ್ ಷಾ (1358-1375) ರಾಜ್ಯದಲ್ಲಿದ್ದ ಸಾರ್ವಜನಿಕ ಭಟ್ಟಿಗಳನ್ನು ಮುಚ್ಚಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಇದೇ ವಂಶದ ಫಿರೋಜ್ ಷಾ (1397-1422) ವಿದ್ಯೆಗೆ, ಬಹುಭಾಷಾ ಪಾಂಡಿತ್ಯಕ್ಕೆ ಹೆಸರಾದವನು. ಧರ್ಮದ ಕಟ್ಟಳೆಗಳನ್ನು ಪಾಲಿಸುತ್ತಿದ್ದರೂ ಮದ್ಯ ಮತ್ತು ಸಂಗೀತ ಇವೆರಡನ್ನು ಮಾತ್ರ ಬಿಡಲಾಗದೆ ಹೋದನೆಂದೂ ಅದೇ ಫರಿಶ್ತಾ ಹೇಳುತ್ತಾನೆ. ಅವನು ಕಟ್ಟಿಸಿದ ಫಿರೋಜಾಬಾದಿನ ಪಾಳು ಕೋಟೆ ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಹೋಗುವಾಗ ಭೀಮಾ ನದಿಯ ದಂಡೆಯ ಮೇಲೆ ಇಂದಿಗೂ ನಿಂತಿದೆ. ಒಂದೇ ಮನೆತನ, ಒಂದೇ ಧರ್ಮ. ಒಬ್ಬ ಭಟ್ಟಿ ಮುಚ್ಚಿಸಿದ, ಇನ್ನೊಬ್ಬ ಬಟ್ಟಲು ಬಿಡಲಿಲ್ಲ. ಮನೆತನದ ಹೆಸರು ಹೇಳಿ ಮನುಷ್ಯನ ನಡತೆಯನ್ನು ಮೊದಲೇ ಹೇಳಿಬಿಡಲಾಗದು ಎನ್ನುವುದಕ್ಕೆ ನಮ್ಮ ನೆಲದಲ್ಲೇ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಗುತ್ತೆಯ ಕಾಲ

ಆದರೆ ಸುಲ್ತಾನನ ಬಟ್ಟಲಿಗೂ ಕೂಲಿಕಾರನ ಬಟ್ಟಲಿಗೂ ವ್ಯತ್ಯಾಸವಿದೆ. ಬಡವನ ಕುಡಿತ ಒಂದು ವ್ಯವಸ್ಥೆಯಾಗಿ ಬೆಳೆದದ್ದು ಆಡಳಿತ ಅದನ್ನು ಆದಾಯದ ಬಾಬತ್ತು ಮಾಡಿಕೊಂಡಾಗ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಅಬಕಾರಿ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಈಚಲ ಗಿಡದಿಂದ ಇಳಿಸುವ ಸಿಂದಿ, ಇಪ್ಪೆ ಹೂವಿನಿಂದ ಕಾಯಿಸುವ ಸಾರಾಯಿ, ಇವೆರಡನ್ನೂ ಮಾರುವ ಹಕ್ಕನ್ನು ಹರಾಜು ಹಾಕಿ ಹೆಚ್ಚು ಕೂಗಿದವರಿಗೆ ಕೊಡುತ್ತಿದ್ದರು. ಆ ಗುತ್ತಿಗೆಯೇ ‘ಗುತ್ತೆ’. ಗುತ್ತೆ ಹಿಡಿದವನು ಗುತ್ತೇದಾರ. ಕಲಬುರಗಿ ಸೀಮೆಯಲ್ಲಿ ಇವತ್ತು ಎಷ್ಟೋ ಮನೆತನಗಳ ಅಡ್ಡಹೆಸರಾಗಿ ಉಳಿದಿರುವ ಈ ಪದ ಆ ಕಾಲದ ಕುರುಹು. ಹೆಸರು ಹೊತ್ತವರೆಲ್ಲ ಮದ್ಯದ ವ್ಯಾಪಾರಿಗಳೇನಲ್ಲ. ಆದರೆ ಅಬಕಾರಿ ಈ ಭಾಗದ ಸಮಾಜದೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಆ ಹೆಸರೇ ಹೇಳುತ್ತದೆ.

ಹರಾಜಿನ ತರ್ಕ ಸರಳವಾದುದು. ಗುತ್ತೆಗೆ ಕೊಟ್ಟ ಹಣವನ್ನು ವರ್ಷ ಮುಗಿಯುವುದರೊಳಗೆ ವಸೂಲು ಮಾಡಬೇಕು. ಅಂದರೆ ಜನ ಹೆಚ್ಚು ಕುಡಿಯಬೇಕು, ಕುಡಿಯುವವರು ಹೆಚ್ಚಾಗಬೇಕು. ಮುಂದಿನ ವರ್ಷ ಹರಾಜಿನ ಮೊತ್ತ ಏರುತ್ತದೆ, ಮಾರಾಟವೂ ಏರಲೇಬೇಕು. ಹೊಲದಲ್ಲಿ ಕೂಲಿ ಸಿಕ್ಕ ದಿನ ಅಂಗಡಿಯಲ್ಲಿ ಲೆಕ್ಕ ಚುಕ್ತಾ, ಇಲ್ಲದ ದಿನ ಉದ್ದರಿ. ಮನುಷ್ಯನ ದೌರ್ಬಲ್ಯವನ್ನು ನಂಬಿಕೊಂಡು ಕಟ್ಟಿದ ವ್ಯವಸ್ಥೆ ಇದು. ‘ಅವರ ರಕ್ತದಾಗೇ ಅದ’ ಎಂದು ಹೇಳುವಾಗ ನಾವು ಈ ಲೆಕ್ಕದ ಪುಸ್ತಕವನ್ನು ಮುಚ್ಚಿಡುತ್ತೇವೆ.

ಅದೇ ಕಾಲದಲ್ಲಿ ಬ್ರಿಟಿಷ್ ಆಡಳಿತ 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ತಂದು, ಕೆಲವು ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಎಂದು ಘೋಷಿಸಿತ್ತು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ರದ್ದು ಮಾಡಿತು. ಕಾಯ್ದೆ ಹೋಯಿತು, ಅದರ ಹಿಂದಿನ ಮನಸ್ಸು ಹೋಗಲಿಲ್ಲ. ತಾಂಡಾದವರು, ಕೇರಿಯವರು ಹುಟ್ಟಾ ಕುಡುಕರು ಎನ್ನುವ ಮಾತು ಅದೇ ಮನಸ್ಸಿನ ಮುಂದುವರಿಕೆ.

ಭೀಮೆಯ ಎರಡು ದಂಡೆ

ರಕ್ತ ಮತ್ತು ಪರಿಸರದ ವಾದಕ್ಕೆ ಚರಿತ್ರೆಯೇ ಒಂದು ಪರೀಕ್ಷೆಯನ್ನು ಈ ಸೀಮೆಯಲ್ಲಿ ನಡೆಸಿತು. ಮುಂಬಯಿ ರಾಜ್ಯ 1949ರಲ್ಲಿ ಪಾನನಿರೋಧ ಕಾನೂನು ಮಾಡಿತು. ಅಂದಿನ ವಿಜಾಪುರ ಮತ್ತು ಸೊಲ್ಲಾಪುರ ಜಿಲ್ಲೆಗಳು ಆ ರಾಜ್ಯದಲ್ಲಿದ್ದವು. ಅಫಜಲಪುರ, ಜೇವರ್ಗಿ, ಆಳಂದಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಭೀಮೆಯ ಆಚೆ ಇಂಡಿ, ಸಿಂದಗಿ, ಈಚೆ ಅಫಜಲಪುರ. ಅತ್ತ ಅಕ್ಕಲಕೋಟೆ, ಇತ್ತ ಆಳಂದ. ಒಂದು ಕಡೆ ಕುಡಿದರೆ ಜೈಲು, ಇನ್ನೊಂದು ಕಡೆ ಅಂಗಡಿಗೆ ಸರಕಾರದ ಮುದ್ರೆ. ಗಡಿಯ ಎರಡೂ ಕಡೆ ಒಂದೇ ಜನ, ಒಂದೇ ಜೋಳದ ರೊಟ್ಟಿ, ಬೀಗತನವೂ ಅವರವರಲ್ಲೇ. ರಕ್ತ ಬದಲಾಗಿರಲಿಲ್ಲ, ಕಾನೂನು ಬದಲಾಗಿತ್ತು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳಾದಾಗ ಇಂಡಿ, ಸಿಂದಗಿ, ಅಫಜಲಪುರ, ಜೇವರ್ಗಿ, ಆಳಂದ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದರೂ ಮುಂಬಯಿ ಪ್ರಾಂತ್ಯದಿಂದ ಬಂದ ಜಿಲ್ಲೆಗಳಲ್ಲಿ ಪಾನನಿರೋಧ, ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ಅಬಕಾರಿ ಹಾಗೆಯೇ ನಡೆದವು. 1967ರಲ್ಲಿ ರಾಜ್ಯವು ಪಾನನಿರೋಧವನ್ನು ಕೈಬಿಟ್ಟಿತು. ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕು: ನಿಷೇಧವಿದ್ದ ಕಡೆ ಕಳ್ಳಭಟ್ಟಿ ಇತ್ತು, ಗಡಿ ದಾಟಿ ಬರುವ ಸರಕೂ ಇತ್ತು. ಕಾನೂನು ಕುಡಿತವನ್ನು ಅಳಿಸಲಿಲ್ಲ. ಆದರೆ ಕುಡಿತ ಎಷ್ಟು ಸುಲಭ, ಎಷ್ಟು ಹತ್ತಿರ, ಎಷ್ಟು ಅಗ್ಗ ಎಂಬುದನ್ನು ಪ್ರಭುತ್ವ ನಿರ್ಧರಿಸುತ್ತದೆ ಎಂಬ ಸತ್ಯವನ್ನು ಅದು ತೋರಿಸಿಕೊಟ್ಟಿತು.

ಸಿಂದಿಯಿಂದ ಪಾಕೀಟಿಗೆ, ಪಾಕೀಟಿನಿಂದ ಕ್ವಾರ್ಟರಿಗೆ

ಬಡವನ ಬಟ್ಟಲಿನೊಳಗಿನ ವಸ್ತುವೂ ಬದಲಾಗುತ್ತ ಬಂತು. ಬೆಳಗಿನ ಜಾವ ಇಳಿಸಿದ ಈಚಲ ರಸದಲ್ಲಿ ಅಮಲು ಇರುವುದಿಲ್ಲ. ಬಿಸಿಲೇರಿದಂತೆ ಹುಳಿತು ಸಿಂದಿಯಾದಾಗ ನೂರಕ್ಕೆ ನಾಲ್ಕೈದು ಪಾಲು ಮದ್ಯಸಾರ ಸೇರುತ್ತದೆ. ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ತೆಗೆದ ಸಾರಾಯಿ ಅದಕ್ಕಿಂತ ಹಲವು ಪಟ್ಟು ಕಡುವಾದದ್ದು. ಅದು ಪ್ಲಾಸ್ಟಿಕ್ ಪಾಕೀಟಿನಲ್ಲಿ ಬಂದ ಮೇಲೆ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊಲಕ್ಕೂ ಒಯ್ಯಬಹುದಾಯಿತು. ಕರ್ನಾಟಕ ಸರಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳು ಬಂದವು. ಅವುಗಳಲ್ಲಿ ಮದ್ಯಸಾರ ನೂರಕ್ಕೆ 42.8 ಪಾಲು.

ಒಂದು ಲೆಕ್ಕ ಹಾಕೋಣ. 180 ಮಿ.ಲೀ.ನ ಒಂದು ‘ಕ್ವಾರ್ಟರ್’ನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಇಟಲಿಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ‘ಡಯೊನೈಸಸ್’ ಅಧ್ಯಯನ, ದಿನಕ್ಕೆ 30 ಗ್ರಾಂ ದಾಟಿದರೆ ಲಿವರಿನ ಅಪಾಯ ಏರತೊಡಗುತ್ತದೆ ಎಂದು ಕಂಡುಕೊಂಡಿತು. ಊಟದ ಜೊತೆಗಲ್ಲದೆ ಬರಿಹೊಟ್ಟೆಯಲ್ಲಿ ಕುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು ಎಂದೂ ಹೇಳಿತು. ಕೂಲಿ ಮುಗಿಸಿ, ಉಣ್ಣುವ ಮೊದಲೇ, ನಿಂತ ಕಾಲಲ್ಲೇ ಒಂದು ಕ್ವಾರ್ಟರ್ ಮುಗಿಸುವ ನಮ್ಮ ದುಡಿಮೆಗಾರ ದಿನವೂ ಆ ಮಿತಿಯ ಇಮ್ಮಡಿ ಕುಡಿಯುತ್ತಿದ್ದಾನೆ. ಸಿಂದಿಯೂ ನಿರಪಾಯವೇನಲ್ಲ. ಅದರಲ್ಲಿ ಕ್ಲೋರಲ್ ಹೈಡ್ರೇಟಿನಂಥ ಮತ್ತಿನ ಪುಡಿ ಬೆರೆಸುವ ದಂಧೆ ತೆಲಂಗಾಣದ ಗಡಿಯಲ್ಲಿ ಹಳೆಯದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. ಸಾರಾಯಿ ನಿಷೇಧದ ಮರುವರ್ಷ, 2008ರ ಮೇ ತಿಂಗಳಲ್ಲಿ, ಕರ್ನಾಟಕ-ತಮಿಳುನಾಡು ಗಡಿಯಲ್ಲಿ ಮತ್ತೆ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರೆಲ್ಲ ಬಡವರು.

ವಂಶವಾಹಿ ಹೇಳುವುದೇನು?

‘ಆಲ್ಕೋಹಾಲ್’ ಎಂಬ ಪದವೇ ಅರಬ್ಬಿಯ ‘ಅಲ್-ಕುಹ್ಲ್’ನಿಂದ ಬಂದದ್ದು. ಮೊದಲಿಗೆ ಅದರ ಅರ್ಥ ಕಣ್ಣಿಗೆ ಹಚ್ಚುವ ನುಣುಪಾದ ಸುರ್ಮಾ. ಯುರೋಪಿನ ರಸವಾದಿಗಳ ಕೈಯಲ್ಲಿ ಅದು ‘ಸಾರ’ ಎಂಬ ಅರ್ಥ ಪಡೆದು, ಕೊನೆಗೆ ಮದ್ಯದ ಸಾರಕ್ಕೆ ಅಂಟಿಕೊಂಡಿತು. ಈ ಸಾರ ದೇಹಕ್ಕೆ ಏನು ಮಾಡುತ್ತದೆ ಎಂಬ ವೈದ್ಯಕೀಯ ವಿಚಾರಣೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಇಂಗ್ಲೆಂಡಿನ ಮ್ಯಾಥ್ಯೂ ಬೇಲಿ 1793ರಲ್ಲಿ ಕುಡುಕರ ಗಂಟುಗಟ್ಟಿದ ಲಿವರನ್ನು ವರ್ಣಿಸಿದ. ಥಾಮಸ್ ಟ್ರಾಟರ್ 1804ರಲ್ಲಿ ಕುಡಿತದ ಚಟವನ್ನು ಪಾಪವೆನ್ನದೆ ರೋಗವೆಂದು ಕರೆದ. ಫ್ರಾನ್ಸಿನ ಲೆನೆಕ್ 1819ರಲ್ಲಿ ಆ ಲಿವರಿನ ರೋಗಕ್ಕೆ ‘ಸಿರೋಸಿಸ್’ ಎಂದು ಹೆಸರಿಟ್ಟ.

ಚಟ ಮನೆತನದಲ್ಲಿ ಹರಿದುಬರುತ್ತದೆಯೆ ಎಂಬುದನ್ನು ಪರೀಕ್ಷಿಸಲು ವಿಜ್ಞಾನಿಗಳು ದತ್ತುಮಕ್ಕಳನ್ನು, ಅವಳಿಗಳನ್ನು ನೋಡಿದರು. ಕುಡುಕ ಅಪ್ಪನ ಮಗ ಕುಡುಕನಾದರೆ ಅದು ರಕ್ತದಿಂದಲೋ, ದಿನವೂ ಅಪ್ಪನನ್ನು ನೋಡಿದ್ದರಿಂದಲೋ ಎಂದು ತಿಳಿಯುವುದಿಲ್ಲ. ಹುಟ್ಟಿದ ಕೂಡಲೇ ಬೇರೆ ಮನೆಗೆ ದತ್ತು ಹೋದವನಾದರೆ ತಿಳಿಯುತ್ತದೆ. ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಇಂಥ ಗಂಡುಮಕ್ಕಳನ್ನು ಅಧ್ಯಯನ ಮಾಡಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಕುಡಿತದ ಚಟವಿದ್ದ ತಂದೆ ಅಥವಾ ತಾಯಿಗೆ ಹುಟ್ಟಿ ಬೇರೆ ಕಡೆ ಬೆಳೆದವರಲ್ಲಿ ನೂರಕ್ಕೆ 18 ಮಂದಿ ಚಟಕ್ಕೆ ಬಿದ್ದಿದ್ದರು. ಹೋಲಿಕೆಗೆ ತೆಗೆದುಕೊಂಡ ಉಳಿದ ದತ್ತುಮಕ್ಕಳಲ್ಲಿ 5 ಮಂದಿ. ಅಂದರೆ ರಕ್ತದ ಪಾತ್ರ ಇದೆ. ಮುಂದೆ ಬಂದ ಅವಳಿಗಳ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಚಟದ ಸಾಧ್ಯತೆಯಲ್ಲಿ ಮನುಷ್ಯ-ಮನುಷ್ಯರ ನಡುವೆ ಕಾಣುವ ವ್ಯತ್ಯಾಸದ ಹೆಚ್ಚುಕಡಿಮೆ ಅರ್ಧದಷ್ಟನ್ನು ಆನುವಂಶಿಕತೆ ವಿವರಿಸುತ್ತದೆ ಎಂದಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರೂ ಚಟದ ಹಿನ್ನೆಲೆಯ ಕುಟುಂಬಗಳಿಂದ ಬಂದವರ ಮೆದುಳಿನ ರಚನೆಯಲ್ಲಿ ವ್ಯತ್ಯಾಸಗಳನ್ನು ಕಂಡು 2007ರಲ್ಲಿ ಪ್ರಕಟಿಸಿದ್ದಾರೆ.

ಆದರೆ ಅದೇ ಡೆನ್ಮಾರ್ಕಿನ ಅಂಕಿಯನ್ನು ತಿರುಗಿಸಿ ಓದಿ. ಅಂಥ ಮನೆತನದಲ್ಲಿ ಹುಟ್ಟಿದ ನೂರು ಜನರಲ್ಲಿ 82 ಮಂದಿ ಚಟಕ್ಕೆ ಬೀಳಲಿಲ್ಲ! ಐವರಲ್ಲಿ ನಾಲ್ವರು ಪಾರಾದರು. ಊರವರ ತೀರ್ಪು ಈ ನಾಲ್ವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನೊಂದು ಮಾತು: ಕುಡಿತಕ್ಕೆಂದೇ ಒಂದು ವಂಶವಾಹಿ ಇಲ್ಲ. ನೂರಾರು ವಂಶವಾಹಿಗಳು ಸ್ವಲ್ಪಸ್ವಲ್ಪ ಪಾಲು ಹಾಕುತ್ತವೆ. ಒಂದು ಜಾತಿಯನ್ನೋ ಧರ್ಮವನ್ನೋ ಕುಡುಕರೆಂದು ವಿಂಗಡಿಸಲು ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಕೆಲವು ವಂಶವಾಹಿಗಳು ಕಾಪಾಡುವುದೂ ಉಂಟು. ದೇಹಕ್ಕೆ ಹೋದ ಮದ್ಯಸಾರ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯಕಾರಿ ಅಸಿಟೇಟ್ ಆಗಿ ಮಾರ್ಪಡುತ್ತದೆ. ಚೀನಾ, ಜಪಾನ್, ಕೊರಿಯಾದ ಅನೇಕರಲ್ಲಿ ಎರಡನೆಯ ಹಂತದ ಕಿಣ್ವ ದುರ್ಬಲ. ಒಂದು ಗುಟುಕಿಗೇ ಅವರ ಮುಖ ಕೆಂಪಾಗಿ, ವಾಕರಿಕೆ ಬರುತ್ತದೆ. ಹಾಗಾಗಿ ಅವರು ಚಟಕ್ಕೆ ಬೀಳುವುದು ಕಡಿಮೆ. ಈ ಬಗೆಯ ವಂಶವಾಹಿ ಭಾರತೀಯರಲ್ಲಿ ಅಪರೂಪ.

ಲಿವರಿನ ಲೆಕ್ಕ ಬೇರೆ

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಚಟಕ್ಕೆ ಬೀಳುವುದು ಒಂದು, ಲಿವರ್ ಕೆಡುವುದು ಇನ್ನೊಂದು. ದಿನವೂ ವಿಪರೀತ ಕುಡಿಯುವವರಲ್ಲಿ ಬಹುತೇಕ ಎಲ್ಲರ ಲಿವರಿನಲ್ಲೂ ಕೊಬ್ಬು ಸೇರುತ್ತದೆ. ಆದರೆ ನೂರಕ್ಕೆ 10ರಿಂದ 20 ಜನರಿಗೆ ಮಾತ್ರ ಅದು ಸಿರೋಸಿಸ್ ಮಟ್ಟಕ್ಕೆ ಹೋಗುತ್ತದೆ. ‘ಆತ ನಲವತ್ತು ವರ್ಷ ಕುಡದಾನ, ಏನೂ ಆಗಿಲ್ಲ’ ಎಂದು ತೋರಿಸುವುದಕ್ಕೆ ಪ್ರತಿ ಊರಿನಲ್ಲೂ ಒಬ್ಬ ಮುದುಕ ಸಿಗುವುದು ಇದರಿಂದಲೇ. ಅವನನ್ನು ನೋಡಿ ಕುಡಿದು ಮೂವತ್ತೈದಕ್ಕೇ ಕಾಮಣಿಯಾಗಿ ಸತ್ತವರು ಮಾತ್ರ ಸಾಕ್ಷಿ ಹೇಳಲು ಬರುವುದಿಲ್ಲ.

ಅಮೆರಿಕದ ಮಾಜಿ ಸೈನಿಕರಲ್ಲಿ ಅವಳಿಗಳಾಗಿದ್ದವರನ್ನು ನೋಡಿದ 1981ರ ಅಧ್ಯಯನದಲ್ಲಿ, ಒಬ್ಬನಿಗೆ ಸಿರೋಸಿಸ್ ಬಂದಾಗ ಇನ್ನೊಬ್ಬನಿಗೂ ಬಂದದ್ದು ತದ್ರೂಪಿ ಅವಳಿಗಳಲ್ಲಿ ನೂರಕ್ಕೆ 14.6, ಸಾಮಾನ್ಯ ಅವಳಿಗಳಲ್ಲಿ 5.4. ಅಂದರೆ ಲಿವರಿನ ಸಹನಶಕ್ತಿಯಲ್ಲೂ ರಕ್ತದ ಪಾಲಿದೆ. 2008ರಲ್ಲಿ ‘ಪಿಎನ್‌ಪಿಎಲ್‌ಎ3’ ಎಂಬ ವಂಶವಾಹಿಯ ಒಂದು ರೂಪಾಂತರಕ್ಕೂ ಲಿವರಿನ ಕೊಬ್ಬಿಗೂ ಸಂಬಂಧವಿರುವುದು ಪತ್ತೆಯಾಯಿತು. ತಂದೆ-ತಾಯಿ ಇಬ್ಬರಿಂದಲೂ ಅದನ್ನು ಪಡೆದವರು ವಿಪರೀತ ಕುಡಿದರೆ ಅವರಿಗೆ ಸಿರೋಸಿಸ್ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು. 2018ರಲ್ಲಿ ಪತ್ತೆಯಾದ ಇನ್ನೊಂದು ರೂಪಾಂತರ ಇದಕ್ಕೆ ವಿರುದ್ಧವಾಗಿ ಲಿವರನ್ನು ಕಾಪಾಡುವಂಥದು. ಈ ಯಾವುದೂ ಕುಡಿಯುವ ಆಸೆಯನ್ನು ಹುಟ್ಟಿಸುವ ವಂಶವಾಹಿಗಳಲ್ಲ. ತನ್ನ ರಕ್ತದಲ್ಲಿ ಯಾವುದಿದೆ ಎಂಬುದು ಬಟ್ಟಲು ಎತ್ತುವವನಿಗೆ ಗೊತ್ತಿರುವುದಿಲ್ಲ. ಹಾಗಾಗಿ ಕುಡಿತ ಒಂದು ಜೂಜು. ಅದರ ಎಲೆಗಳು ಹುಟ್ಟುವ ಮೊದಲೇ ಹಂಚಿಹೋಗಿವೆ.

ಉಳಿದದ್ದು ಪರಿಸರ. ಕುಡುಕನ ಲಿವರ್ ಕೆಡುವುದು ಊಟದ ಕೊರತೆಯಿಂದ ಮಾತ್ರ ಎಂದು ಒಂದು ಕಾಲಕ್ಕೆ ನಂಬಿದ್ದರು. ಚಾರ್ಲ್ಸ್ ಲೀಬರ್ ನಡೆಸಿದ ಪ್ರಯೋಗಗಳು, ಚೆನ್ನಾಗಿ ಉಂಡರೂ ಮದ್ಯ ತಾನೇ ಲಿವರಿಗೆ ವಿಷ ಎಂದು ತೋರಿಸಿದವು. ಅಪೌಷ್ಟಿಕತೆ ಇದ್ದರೆ ಕೇಡು ಇನ್ನೂ ಬೇಗ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಇದ್ದವನು ಕುಡಿದರೆ ಎರಡು ಬೆಂಕಿ ಒಟ್ಟಿಗೆ ಹೊತ್ತಿದಂತೆ. ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಿಗೂ ಅಪಾಯ ಹೆಚ್ಚು. ಅದೇ ಪ್ರಮಾಣದ ಮದ್ಯ ಹೆಂಗಸರ ಲಿವರನ್ನು ಗಂಡಸರಿಗಿಂತ ಬೇಗ ಕೆಡಿಸುತ್ತದೆ. ತೊಗರಿ ಬೆಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗಿ, ಕಟ್ಟಡದ ಕೆಲಸ ಮಾಡಿ, ಅರೆಹೊಟ್ಟೆಯಲ್ಲಿ ಮಲಗುವ ನಮ್ಮ ಮೂರು ತಾಲೂಕಿನ ಕೂಲಿಕಾರನ ಬದುಕಿನಲ್ಲಿ ಇವುಗಳಲ್ಲಿ ಎಷ್ಟು ಸೇರಿಕೊಂಡಿವೆ ಎಂದು ಯೋಚಿಸಿ.

ನಿಷೇಧ, ನಾಚಿಕೆ ಮತ್ತು ಚಿಕಿತ್ಸೆ

ಧರ್ಮವೂ ಪರಿಸರದ ಒಂದು ಭಾಗವೇ. ಆಳಂದದ ಮುಸ್ಲಿಮನ ಲಿವರ್ ಅವನ ನೆರೆಯ ಹಿಂದೂವಿನ ಲಿವರಿಗಿಂತ ಬೇರೆಯಲ್ಲ. ಮದ್ಯ ಹರಾಮ್ ಎಂಬ ಕಟ್ಟಳೆ ಅನೇಕರನ್ನು ಮೊದಲ ಗುಟುಕಿನಿಂದಲೇ ದೂರ ಇಟ್ಟಿದೆ. ಮೊದಲ ಗುಟುಕು ಇಲ್ಲದಿದ್ದರೆ ಯಾವ ವಂಶವಾಹಿಯೂ ಚಟ ಹುಟ್ಟಿಸಲಾರದು. ಆದರೆ ಈ ಕಟ್ಟಳೆಗೆ ಇನ್ನೊಂದು ಮುಖವಿದೆ. ನಮ್ಮ ಮೊಹಲ್ಲಾಗಳಲ್ಲೂ ಕುಡಿಯುವವರಿದ್ದಾರೆ. ಬೇರೆಯವರ ಮನೆಯಲ್ಲಿ ಅದು ಕಷ್ಟ, ನಮ್ಮ ಮನೆಯಲ್ಲಿ ಅದು ಕಳಂಕ. ಕಳಂಕವನ್ನು ಮುಚ್ಚಿಡುವುದರಲ್ಲೇ ವರ್ಷಗಳು ಕಳೆದು, ಕಣ್ಣು ಹಳದಿಯಾದ ಮೇಲೆ ‘ಕಾಮಣಿ’ ಎಂದು ನಾಟಿ ಔಷಧಕ್ಕೆ ಓಡಾಡಿ, ಕೊನೆಗೆ ಕಲಬುರಗಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಾಲ ಮೀರಿರುತ್ತದೆ. ಕುಡಿಯುವುದನ್ನು ತಪ್ಪೆನ್ನುವ ಸಮುದಾಯ ರೋಗಿಯನ್ನು ದೂರ ತಳ್ಳಬೇಕಾಗಿಲ್ಲ.

ಇದು ಯಾವುದೋ ಒಂದು ಸಮುದಾಯದ ಕೊರತೆಯಲ್ಲ. ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ಕೇಂದ್ರ ಸರಕಾರಕ್ಕಾಗಿ ಸಿದ್ಧಪಡಿಸಿದ 2019ರ ವರದಿಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದಿಂದ ತೊಂದರೆಯಾಗಿ ನೆರವು ಬೇಕಾಗಿದೆ. ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಇನ್ನೊಂದು ಕಡೆ ಕರ್ನಾಟಕದ 2025-26ರ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ಆದಾಯದ ಗುರಿ ಇಟ್ಟುಕೊಂಡಿತು. ಗುತ್ತೆಯ ಹರಾಜು ಹೋಗಿ ಗುರಿ ಬಂದಿದೆ, ತರ್ಕ ಮಾತ್ರ ಹಳೆಯದೇ.

ಈ ತರ್ಕವನ್ನು ಪ್ರಶ್ನಿಸಿದವರು ಹೆಂಗಸರು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ ಹೆಂಗಸರಿಂದ ಸಾರಾಯಿ ವಿರೋಧಿ ಚಳವಳಿ ಹಬ್ಬಿತು. ಮರುವರ್ಷ ಅಲ್ಲಿ ಸಾರಾಯಿ ನಿಷೇಧವಾಯಿತು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ‘ನಮ್ಮ ಗಂಡಂದಿರ ರಕ್ತ ಕೆಟ್ಟದ್ದು’ ಎಂದು ಹೇಳಲು ಅವರು ಅಷ್ಟು ದೂರ ನಡೆಯಲಿಲ್ಲ. ಊರಿನ ಕಿರಾಣಿ ಅಂಗಡಿಯಲ್ಲೂ ಮದ್ಯ ಸಿಗುವ ಸ್ಥಿತಿ ನಿಲ್ಲಲಿ ಎಂದು ಕೇಳಲು ನಡೆದರು. ರೋಗದ ಮೂಲ ಎಲ್ಲಿದೆ ಎಂಬುದು ಅವರಿಗೆ ತಿಳಿದಿತ್ತು.

ಕುಡುಕ ಅಪ್ಪನ ಮಗನಿಗೆ ಚರಿತ್ರೆ ಮತ್ತು ವಿಜ್ಞಾನ ಸೇರಿ ಹೇಳುವ ಮಾತು ಇಷ್ಟು: ನಿನ್ನ ಅಪಾಯ ಬೇರೆಯವರಿಗಿಂತ ಹೆಚ್ಚು, ಆದ್ದರಿಂದ ಮುಟ್ಟದಿರುವುದೇ ಲೇಸು. ಆದರೆ ಅದು ಹಣೆಬರಹವಲ್ಲ. ಈಗಾಗಲೇ ಕುಡಿಯುತ್ತಿರುವವನಿಗೆ ಇನ್ನೊಂದು ಮಾತಿದೆ. ಕೊಬ್ಬು ಸೇರಿದ ಲಿವರ್ ಕುಡಿತ ಬಿಟ್ಟ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಸಿರೋಸಿಸ್ ಆದವನೂ ಬಿಟ್ಟರೆ ಹೆಚ್ಚು ಕಾಲ ಬದುಕುತ್ತಾನೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಅದನ್ನು ವೈದ್ಯರ ನೆರವಿನಿಂದಲೇ ಬಿಡಬೇಕು. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮುಂದಿನ ಸಲ ಯಾರಾದರೂ ‘ಆ ಜನಾನೇ ಹಂಗ’ ಎಂದಾಗ ಒಂದು ಪ್ರಶ್ನೆ ಕೇಳೋಣ: ಆ ಜನರ ಮನೆಯಿಂದ ಮದ್ಯದಂಗಡಿ ಎಷ್ಟು ದೂರ, ಆಸ್ಪತ್ರೆ ಎಷ್ಟು ದೂರ? ರಕ್ತವನ್ನು ಬದಲಾಯಿಸುವುದು ಯಾರ ಕೈಯಲ್ಲೂ ಇಲ್ಲ. ಈ ದೂರಗಳನ್ನು ಬದಲಾಯಿಸುವುದು ನಮ್ಮ ಕೈಯಲ್ಲಿದೆ.